ಬೆಲ್ಟ್ ಬಗ್ಗೆ ನಮ್ಮ ಕರಾಟೆ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಕಲಬುರಗಿಯಲ್ಲಿ ಹೊಸ ಶಾಲೆ, ಹೊಸ ಬ್ಯಾಗು, ನಮ್ಮ ಕ್ಲಾಸಿನ ಹಾಜರಿ ಪುಸ್ತಕಕ್ಕೂ ಹೊಸ ಹೆಸರುಗಳು. ಮಗುವಿನ ಕೈ ಹಿಡಿದು ಬರುವ ತಾಯಿತಂದೆಯರು ಕೇಳುವ ಹತ್ತು ಪ್ರಶ್ನೆಗಳಲ್ಲಿ ಎಂಟು ಬೆಲ್ಟಿನವೇ ಆಗಿರುತ್ತವೆ. ಹದಿನಾರು ವರ್ಷದಿಂದ ಕಲಿಸುತ್ತಿದ್ದೇನೆ. ಮೈದಾನದಲ್ಲಿ ನಿಂತು, ಆ ಕಡೆ ಮಕ್ಕಳನ್ನೂ ನೋಡುತ್ತ ಕೊಟ್ಟ ಉತ್ತರ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ನೀವು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ.

ನಮ್ಮ ಹುಡುಗಗ ಎಷ್ಟ್ ತಿಂಗಳಿಗೊಂದು ಬೆಲ್ಟ್ ಬರ್ತದ್ರಿ, ಮೇಡಂ?

ತಿಂಗಳ ಲೆಕ್ಕದಲ್ಲಿ ನಾನು ಮಾತು ಕೊಡುವುದಿಲ್ಲ. ವಾರಕ್ಕೆ ಮೂರು ದಿನ ತಪ್ಪದೆ ಬರುವ ಮಗುವಿಗೆ ಬಿಳಿಯಿಂದ ಹಳದಿಗೆ ನಾಲ್ಕೈದು ತಿಂಗಳು ಸಾಕಾಗಬಹುದು. ಮೇಲೆ ಹೋದಂತೆ ಅಂತರ ಹಿಗ್ಗುತ್ತದೆ. ಕಂದು ಬೆಲ್ಟಿನಲ್ಲೇ ಎರಡು ವರ್ಷ ನಿಂತವರು ನಮ್ಮಲ್ಲಿದ್ದಾರೆ. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಐದು ವರ್ಷಕ್ಕಿಂತ ಮೊದಲು ಯಾರನ್ನೂ ನಿಲ್ಲಿಸಿಲ್ಲ. ಸುತ್ತಲಿನ ಹಳ್ಳಿಗಳಿಂದ ಬರುವ ಕೆಲವು ಮಕ್ಕಳು ತೊಗರಿ ರಾಶಿಯ ಹೊತ್ತಿಗೆ ಮೂರ್ನಾಲ್ಕು ವಾರ ಕಾಣುವುದಿಲ್ಲ. ಅದು ಅವರ ತಪ್ಪಲ್ಲ, ಅದಕ್ಕೆ ನಾನು ಬೈಯುವುದೂ ಇಲ್ಲ. ಆದರೆ ಆ ಮೂರ್ನಾಲ್ಕು ವಾರ ಬೆಲ್ಟೂ ಅವರಿಗಾಗಿ ಕಾಯುತ್ತದೆ.

ಈ ಬೆಲ್ಟ್ ಪದ್ಧತಿ ಎಲ್ಲಿಂದ ಬಂತು? ಸಾವಿರಾರು ವರ್ಷದ್ದಂತಲ್ಲ?

ಇಲ್ಲ. ನೂರೈವತ್ತು ವರ್ಷವೂ ಆಗಿಲ್ಲ. ಇದನ್ನು ಕಟ್ಟಿದವರು ಜುಡೋ ಹುಟ್ಟುಹಾಕಿದ ಜಿಗೊರೊ ಕಾನೊ. ಅವರು 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದ ಚಿಕ್ಕ ಕೋಣೆಯಲ್ಲಿ ಕೊಡೊಕಾನ್ ಎಂಬ ಜುಡೋ ಶಾಲೆ ಶುರು ಮಾಡಿದರು. ಮರುವರ್ಷ ತಮ್ಮ ಇಬ್ಬರು ಶಿಷ್ಯರಿಗೆ, ಷಿರೊ ಸೈಗೊ ಮತ್ತು ತ್ಸುನೆಜಿರೊ ತೋಮಿತ ಅವರಿಗೆ, ‘ಷೋದಾನ್’ ಎಂಬ ದರ್ಜೆ ಕೊಟ್ಟರು. ‘ದಾನ್’ ಎಂಬ ಮಾತು ಜಪಾನಿನಲ್ಲಿ ಆಡುವ ‘ಗೋ’ ಎಂಬ ಹಲಗೆ ಆಟದಿಂದ ಬಂದದ್ದು. ಅಲ್ಲಿ ಆಟಗಾರರ ಬಲ ಅಳೆಯಲು ಆ ದರ್ಜೆಗಳು 17ನೇ ಶತಮಾನದಿಂದಲೇ ಬಳಕೆಯಲ್ಲಿದ್ದವು. ದರ್ಜೆ ಮೊದಲು ಬಂತು, ಸೊಂಟದ ಪಟ್ಟಿ ಆಮೇಲೆ. ಕೊಡೊಕಾನ್‌ನ ದಾನ್ ದರ್ಜೆಯವರು ಕಪ್ಪು ಪಟ್ಟಿ ಕಟ್ಟಲು ಶುರು ಮಾಡಿದ್ದು 1880ರ ದಶಕದ ನಡುವಿನಲ್ಲಿ. ಇವತ್ತು ನಾವು ತೊಡುವಂಥ ಬಿಳಿ ಅಂಗಿ, ಅದರ ಮೇಲಿನ ಗಟ್ಟಿ ಬೆಲ್ಟು ಬಂದದ್ದು ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ.

ಕಾನೊ ಅವರ ಬದುಕಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಅವರು ವೃತ್ತಿಯಲ್ಲಿ ಮಾಸ್ತರು. ಶಿಕ್ಷಕರನ್ನು ತಯಾರು ಮಾಡುವ ಟೋಕಿಯೋದ ಕಾಲೇಜಿಗೆ ವರ್ಷಾನುಗಟ್ಟಲೆ ಪ್ರಾಂಶುಪಾಲರಾಗಿದ್ದವರು. ಅವರಿಗಿಂತ ಹಿಂದಿನ ಗುರುಗಳು ವರ್ಷಗಟ್ಟಲೆ ಕಲಿಸಿ, ಕಡೆಗೊಮ್ಮೆ ಸುರುಳಿ ಕಾಗದದ ಮೇಲೆ ಬರೆದ ಅನುಮತಿ ಪತ್ರ ಕೊಡುತ್ತಿದ್ದರು. ಅಂಥ ಪತ್ರಗಳ ಮೆಟ್ಟಿಲು ಕಡಿಮೆ, ನಡುವಿನ ಅಂತರ ದೊಡ್ಡದು. ದಾರಿ ಉದ್ದವಾದರೆ ಹುಡುಗರು ನಡುವೆಯೇ ಬಿಟ್ಟುಹೋಗುತ್ತಾರೆಂಬುದು ಮಾಸ್ತರಾದವರಿಗೆ ಗೊತ್ತು. ಕಾನೊ ಮೆಟ್ಟಿಲುಗಳನ್ನು ಚಿಕ್ಕದು ಮಾಡಿದರು.

ಕರಾಟೆಗೆ ಇದು ಬಂದದ್ದು ಎರವಲಾಗಿ. ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಬಂದು ಕರಾಟೆ ತೋರಿಸಿದರು, ಕಾನೊ ಅವರ ಪದ್ಧತಿಯನ್ನು ಒಪ್ಪಿಕೊಂಡು 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬ್ಲ್ಯಾಕ್ ಬೆಲ್ಟುಗಳನ್ನು ಕೊಟ್ಟರು. ಅವರಿಗೆ ಕಲಿಸಿದ ಒಕಿನಾವಾದ ಹಿರಿಯರ ಸೊಂಟದಲ್ಲಿ ಇಂಥ ಯಾವ ಬೆಲ್ಟೂ ಇರಲಿಲ್ಲ.

ಬಣ್ಣ ಬಣ್ಣದ್ದು ಯಾಕ? ಪ್ರತಿ ಬಣ್ಣಕ್ಕೂ ಅರ್ಥ ಅದ ಅಂತಾರಲ್ಲ?

ಶುರುವಿನಲ್ಲಿ ಇದ್ದದ್ದು ಬಿಳಿ, ಕಂದು, ಕಪ್ಪು ಇಷ್ಟೇ. 1935ರಲ್ಲಿ ಪ್ಯಾರಿಸ್‌ಗೆ ಹೋಗಿ ಜುಡೋ ಕಲಿಸಿದ ಮಿಕಿನೊಸುಕೆ ಕವಾಯಿಷಿ ಹಳದಿ, ಕೇಸರಿ, ಹಸಿರು, ನೀಲಿಗಳನ್ನು ಬಳಸಿ ಯುರೋಪಿನಲ್ಲಿ ರೂಢಿ ಮಾಡಿದರು. ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಹಳದಿ ಅಂದರೆ ಸೂರ್ಯೋದಯ, ಹಸಿರು ಅಂದರೆ ಮೊಳಕೆ ಎಂದು ಮಕ್ಕಳಿಗೆ ಹೇಳುವುದುಂಟು. ಕೇಳಲು ಚೆಂದ, ಆದರೆ ಅವು ಆಮೇಲೆ ಹೊಂದಿಸಿದ ಅರ್ಥಗಳು. ಬಿಳಿ ಬೆಲ್ಟನ್ನು ತೊಳೆಯದೆ ಕಟ್ಟಿ ಕಟ್ಟಿ ಕೊಳೆಯಾಗಿ ಕಪ್ಪಾಯಿತೆಂಬ ಕಥೆಯೂ ಹಾಗೆಯೇ, ಅದಕ್ಕೆ ಆಧಾರವಿಲ್ಲ.

ನಮ್ಮ ತಾಲೀಮಿನ್ಯಾಗ ಯಾರಿಗೂ ಬೆಲ್ಟ್ ಇರಲಿಲ್ಲ. ಅವರು ಪೈಲ್ವಾನರಾಗಲಿಲ್ಲೇನು?

ಈ ಪ್ರಶ್ನೆಯನ್ನು ಮೊದಲು ಕೇಳಿದವರು ನನ್ನ ಅಪ್ಪ. ಜೇವರ್ಗಿ ಕಡೆಯ ಹಳ್ಳಿಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಾಲೀಮಿಗೆ, ಅಂದರೆ ಗರಡಿಮನೆಗೆ, ಹೋಗಿ, ಎಣ್ಣೆ ಅರಿಸಿನ ಬೆರೆಸಿದ ಕೆಮ್ಮಣ್ಣನ್ನು ಸಲಿಕೆಯಿಂದ ಕೆದರಿ, ಕುಸ್ತಿ ಕಲಿಸುವ ವಸ್ತಾದರ ಕಾಲು ಮುಟ್ಟಿ ಕುಸ್ತಿ ಆಡಿದವರು. ‘ಸೊಂಟಕ್ಕ ಪಟ್ಟಿ ಕಟ್ಟಿದ್ರ ತೋಳಿಗೆ ಶಕ್ತಿ ಬರ್ತದೇನು ಮಗಳ?’ ಎಂದು ನನ್ನನ್ನು ಕೇಳಿದ್ದರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಅನ್ನಿಸುವುದನ್ನು ಹೇಳುತ್ತೇನೆ.

ತಾಲೀಮಿನಲ್ಲೂ ದರ್ಜೆ ಇತ್ತು. ಅದು ಬಟ್ಟೆಯಲ್ಲಿ ಕಾಣುತ್ತಿರಲಿಲ್ಲ, ಅಷ್ಟೆ. ಜಾತ್ರೆಯ ಕುಸ್ತಿ ನೆನಪಿಸಿಕೊಳ್ಳಿ. ಮಧ್ಯಾಹ್ನ ಮೊದಲು ಕಣಕ್ಕಿಳಿಯುವುದು ತೆಂಗಿನಕಾಯಿಗೆ ಆಡುವ ಚಿಕ್ಕ ಹುಡುಗರು. ಆಮೇಲೆ ಸಣ್ಣ ಮೊತ್ತದ ಕುಸ್ತಿ, ಆಮೇಲೆ ದೊಡ್ಡ ಮೊತ್ತದ್ದು, ಹೊತ್ತು ಮುಳುಗುವಾಗ ಬೆಳ್ಳಿ ಕಡಗದ ಕುಸ್ತಿ. ಯಾರು ಯಾವುದಕ್ಕೆ ಆಡಬೇಕು, ಯಾರ ಎದುರು ಯಾರು ಎಂಬುದನ್ನು ಊರ ಹಿರಿಯ ಪೈಲ್ವಾನರು ಹುಡುಗರ ಭುಜ, ಕುತ್ತಿಗೆ, ನಿಂತ ನಿಲುವು ನೋಡಿ ನಿರ್ಧರಿಸಿ ಜೋಡಿ ಹಚ್ಚುತ್ತಿದ್ದರು. ಆ ಕಣ್ಣೇ ಅಲ್ಲಿಯ ಬೆಲ್ಟು. ಕಳೆದ ವರ್ಷ ಕಡಗಕ್ಕೆ ಆಡಿದವನು ಈ ವರ್ಷ ತಾಲೀಮು ಬಿಟ್ಟು ಮೈ ಬೆಳೆಸಿಕೊಂಡಿದ್ದರೆ ಅವನನ್ನು ಕೆಳಗಿನ ಜೋಡಿಗೆ ಇಳಿಸುತ್ತಿದ್ದರು. ಬೆಲ್ಟ್ ಹಾಗೆ ಕೆಳಗಿಳಿಯುವುದಿಲ್ಲ. ನಮ್ಮ ಪದ್ಧತಿಯ ದೊಡ್ಡ ದೋಷ ಇದು ಎಂದೇ ನಾನು ತಿಳಿದಿದ್ದೇನೆ. ಅಪ್ಪ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು.

ಬೆಲ್ಟ್ ಇಲ್ಲದ ಕಲೆಗಳು ಇನ್ನೂ ಇವೆ. ಬಾಕ್ಸಿಂಗ್‌ನಲ್ಲಿ ಕಲಿಕೆಯ ದರ್ಜೆಗೆ ಪಟ್ಟಿ ಕಟ್ಟುವುದಿಲ್ಲ. ಕೇರಳದ ಕಳರಿಪಯಟ್ಟಿನ ಪರಂಪರೆಯಲ್ಲಿ ಬಣ್ಣದ ಬೆಲ್ಟು ಇಲ್ಲ. ಮೈಸಾಧನೆಯಿಂದ ಕೋಲಿಗೆ, ಕೋಲಿನಿಂದ ಲೋಹದ ಆಯುಧಕ್ಕೆ ಗುರುಗಳು ದಾಟಿಸುವುದೇ ಮೆಟ್ಟಿಲು. ಜಪಾನಿನ ಕತ್ತಿವರಸೆ ಕೆಂಡೊ ಇನ್ನೂ ವಿಶೇಷ. ಅಲ್ಲಿ ದಾನ್ ದರ್ಜೆಗಳು ಇವೆ, ಎಂಟನೇ ದಾನ್ ಪರೀಕ್ಷೆಗೆ ಕೂರಲು 46 ವರ್ಷವಾದರೂ ಆಗಿರಬೇಕು, ಕೂತವರಲ್ಲಿ ನೂರಕ್ಕೆ ಒಬ್ಬರಷ್ಟೇ ಪಾಸಾಗುತ್ತಾರೆ. ಆದರೂ ಉಡುಪು ನೋಡಿ ಯಾರದು ಯಾವ ದಾನ್ ಎಂದು ಹೇಳಲು ಬರುವುದಿಲ್ಲ. ಎದುರು ನಿಂತು ಕತ್ತಿ ಹಿಡಿದಾಗಲೇ ತಿಳಿಯಬೇಕು.

ಹಂಗಂದ್ರ ನೀವ್ಯಾಕ ಬೆಲ್ಟ್ ಕೊಡ್ತೀರಿ?

ವಸ್ತಾದರ ಹತ್ತಿರ ಇದ್ದವರು ಹತ್ತು ಹನ್ನೆರಡು ಹುಡುಗರು. ಅವರ ಮನೆ, ಊಟ, ನಿದ್ದೆ ಎಲ್ಲ ವಸ್ತಾದರಿಗೆ ಗೊತ್ತಿತ್ತು. ನನ್ನ ಮುಂದೆ ಒಂದು ಸಂಜೆಗೆ ಅರವತ್ತು ಮಕ್ಕಳು ನಿಲ್ಲುತ್ತಾರೆ. ಅವರಲ್ಲಿ ನಿನ್ನೆ ಸೇರಿದವಳೂ ನಾಲ್ಕು ವರ್ಷದ ಹಳಬಳೂ ಇರುತ್ತಾರೆ. ಕುಮಿತೆಗೆ, ಅಂದರೆ ಇಬ್ಬರು ಎದುರುಬದುರು ನಿಂತು ಆಡುವುದಕ್ಕೆ, ಜೋಡಿ ಹಚ್ಚುವಾಗ ಸೊಂಟದ ಬಣ್ಣ ನೋಡಿದರೆ ಸಾಕು, ಯಾರಿಗೆ ತಪ್ಪಿಸಿಕೊಳ್ಳಲು ಬರುತ್ತದೆ, ಯಾರಿಗೆ ಇನ್ನೂ ಬರುವುದಿಲ್ಲ ಎಂದು ಗೊತ್ತಾಗುತ್ತದೆ. ಹಾಗೆ ನೋಡಿದರೆ ಬೆಲ್ಟಿನ ಮೊದಲ ಉಪಯೋಗ ಮಕ್ಕಳ ಹಲ್ಲು ಮೂಗು ಉಳಿಸುವುದು.

ಎರಡನೆಯದು ಮಗುವಿನ ಕಡೆಯದು. ಎಂಟು ವರ್ಷದ ಮಗುವಿಗೆ ‘ಐದು ವರ್ಷ ಕಲಿ’ ಎಂದರೆ ಆ ಮಾತು ಅದರ ಕೈಗೆ ಸಿಗುವುದೇ ಇಲ್ಲ. ‘ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡದಂತೆ ನಿಂತರೆ ಹಳದಿ’ ಎಂದರೆ ಸಿಗುತ್ತದೆ. ಒಕಿನಾವಾದ ಆಂಕೋ ಇತೋಸು ಎಂಬ ಗುರುಗಳು 20ನೇ ಶತಮಾನದ ಆರಂಭದಲ್ಲಿ ಶಾಲಾ ಮಕ್ಕಳಿಗಾಗಿಯೇ ‘ಪಿನಾನ್’ ಎಂಬ ಐದು ಕಾತಾಗಳನ್ನು, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿಗಳನ್ನು, ಹೊಂದಿಸಿದರು. ನಮ್ಮ ಶೈಲಿಯಲ್ಲಿ ಅವುಗಳನ್ನೇ ‘ಹೆಯಾನ್’ ಎನ್ನುತ್ತೇವೆ. ಒಂದೊಂದು ಬೆಲ್ಟಿಗೆ ಅದರಲ್ಲೊಂದು ಕಾತಾ. ದೊಡ್ಡ ಕೆಲಸವನ್ನು ಮಗುವಿನ ತುತ್ತಿಗೆ ಮುರಿದುಕೊಡುವ ಇದೇ ಬುದ್ಧಿ ಬೆಲ್ಟಿನಲ್ಲೂ ಈ ಕಾತಾಗಳಲ್ಲೂ ಇದೆ.

ಇಷ್ಟು ಹೇಳಿದ ಮೇಲೆ ನನ್ನ ನಂಬಿಕೆಯನ್ನೂ ಹೇಳಬೇಕು. ಬೆಲ್ಟಿನ ಬೆಲೆ ನಿಂತಿರುವುದು ‘ಇನ್ನೂ ಆಗಿಲ್ಲ, ಇನ್ನೊಮ್ಮೆ ಬಾ’ ಎಂದು ಹೇಳಬಲ್ಲ ಮಾಸ್ತರ ಮೇಲೆ. ಎಲ್ಲರಿಗೂ ಹೌದು ಎನ್ನುವ ಕಡೆ ಹಳದಿಯೂ ಕಪ್ಪೂ ಒಂದೇ ಬೆಲೆಯ ಬಟ್ಟೆ.

ಬೆಲ್ಟ್ ಟೆಸ್ಟಿನಲ್ಲಿ ಏನೇನು ನೋಡ್ತೀರಿ?

ಕಿಹೊನ್, ಅಂದರೆ ಪಂಚ್, ಬ್ಲಾಕ್, ಕಿಕ್, ನಿಲುವು. ಆಮೇಲೆ ಕಾತಾ. ಆಮೇಲೆ ಕುಮಿತೆ. ಇದು ಎಲ್ಲ ಕಡೆ ಒಂದೇ. ನಾನು ಹೆಚ್ಚು ಗಮನ ಕೊಡುವುದು ಮಗು ತಪ್ಪು ಮಾಡಿದ ಮರುಕ್ಷಣ. ಕಾತಾ ನಡುವೆ ಮರೆತಾಗ ಅಳುತ್ತಾಳೋ, ನನ್ನ ಮುಖ ನೋಡುತ್ತಾಳೋ, ಉಸಿರು ತೆಗೆದುಕೊಂಡು ಮೊದಲಿನಿಂದ ಶುರು ಮಾಡುತ್ತಾಳೋ. ಕುಮಿತೆಯಲ್ಲಿ ತನಗಿಂತ ಚಿಕ್ಕವನು ಸಿಕ್ಕಾಗ ಕೈ ಎಷ್ಟು ತಡೆಯುತ್ತಾನೆ ಎಂಬುದನ್ನೂ ನೋಡುತ್ತೇನೆ. ಹಸಿರು ಬೆಲ್ಟಿನಿಂದ ಮೇಲೆ, ಕೆಳಗಿನ ಬೆಲ್ಟಿನ ಮಗುವೊಂದಕ್ಕೆ ಹತ್ತು ನಿಮಿಷ ಏನಾದರೂ ಕಲಿಸಿ ತೋರಿಸಬೇಕು. ಕಲಿಸಲು ಹೊರಟಾಗ ತನಗೆ ಎಷ್ಟು ಗೊತ್ತಿಲ್ಲ ಎಂಬುದು ಅವರಿಗೇ ಗೊತ್ತಾಗುತ್ತದೆ.

ನನ್ನ ಮಗನ್ನ ಫೇಲ್ ಮಾಡೀರಿ. ಎಲ್ಲಾರ ಮುಂದ ಅವಮಾನ ಆಯ್ತು. ಹಿಂಗ್ಯಾಕ ಮಾಡ್ತೀರಿ?

ಈ ಮಾತನ್ನು ಸಿಟ್ಟಿನಲ್ಲಿ ಹೇಳಿದ ತಾಯಂದಿರ ಕಣ್ಣಲ್ಲಿ ನೀರು ನೋಡಿದ್ದೇನೆ. ನನಗೂ ಆ ರಾತ್ರಿ ಊಟ ಸೇರುವುದಿಲ್ಲ.

ನಾವು ಫಲಿತಾಂಶವನ್ನು ಎಲ್ಲರೆದುರು ಓದುವುದಿಲ್ಲ. ಆಗದವರನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಯಾವುದು ಆಗಲಿಲ್ಲ ಎಂದು ಕೈಕಾಲು ಹಿಡಿದು ತೋರಿಸಿ, ಮುಂದಿನ ದಿನಾಂಕ ಹೇಳಿ ಕಳಿಸುತ್ತೇವೆ. ಎರಡನೇ ಸಲಕ್ಕೆ ಪರೀಕ್ಷೆ ಫೀಸು ತೆಗೆದುಕೊಳ್ಳುವುದಿಲ್ಲ. ಹೀಗೆ ಮಾಡಿದರೆ ‘ಆಗಲಿಲ್ಲ’ ಎಂಬ ಮಾತಿನಿಂದ ನಮಗೆ ಲಾಭವೂ ಇಲ್ಲ ಎಂದು ನಿಮಗೂ ಭರವಸೆ ಇರುತ್ತದೆ.

ಶಹಾಬಾದ್ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಹಸಿರು ಬೆಲ್ಟಿಗೆ ಮೂರು ಸಲ ನಿಂತ. ಮೂರನೇ ಸಲ ಆದಾಗ ಅವನು ನಗಲಿಲ್ಲ, ಕುಣಿಯಲಿಲ್ಲ. ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಅದನ್ನೇ ನೋಡುತ್ತ ನಿಂತ. ಮೊದಲ ಸಲವೇ ಪಾಸಾದ ಮಕ್ಕಳು ತಮ್ಮ ಬೆಲ್ಟನ್ನು ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಒಂದು ಉಪಕಾರ ಮಾಡಿ: ಪಕ್ಕದ ಮನೆಯವರ ಮಗಳಿಗೆ ಯಾವ ಬೆಲ್ಟ್ ಬಂತು ಎಂದು ಅವತ್ತು ಮಾತಾಡಬೇಡಿ.

ಬ್ಲ್ಯಾಕ್ ಬೆಲ್ಟ್ ಅಂದ್ರೆ ಎಲ್ಲ ಕಲ್ತಂಗೇನು?

‘ಷೋದಾನ್’ ಎಂಬ ಮಾತಿನಲ್ಲೇ ಉತ್ತರವಿದೆ. ‘ಷೋ’ ಎಂದರೆ ಶುರು, ‘ದಾನ್’ ಎಂದರೆ ಮೆಟ್ಟಿಲು. ಕೆಳಗಿನ ‘ಕ್ಯೂ’ ದರ್ಜೆಗಳು ಹತ್ತರಿಂದ ಒಂದಕ್ಕೆ ಇಳಿಯುತ್ತವೆ, ಆಮೇಲೆ ದಾನ್ ಒಂದರಿಂದ ಮೇಲಕ್ಕೆ ಏರುತ್ತದೆ. ಜಪಾನಿನಲ್ಲಿ ಹೈಸ್ಕೂಲ್ ಹುಡುಗರು ಜುಡೋದಲ್ಲಿ ಷೋದಾನ್ ಪಡೆಯುವುದು ಸಾಮಾನ್ಯ ಸಂಗತಿ. ಅಕ್ಷರಮಾಲೆ ಮುಗಿಸಿ ಓದಲು ಕೂತ ಹಾಗೆ ಎಂದುಕೊಳ್ಳಿ. ಜುಡೋದಲ್ಲಿ ಆರನೇ ದಾನ್‌ನಿಂದ ಕಪ್ಪನ್ನು ಬಿಟ್ಟು ಕೆಂಪುಬಿಳಿ ಬೆಲ್ಟ್, ಒಂಬತ್ತು ಹತ್ತನೇ ದಾನ್‌ಗೆ ಪೂರ್ತಿ ಕೆಂಪು ಬೆಲ್ಟ್ ಕಟ್ಟುವ ರೂಢಿಯೂ ಇದೆ.

ಬೇರೆ ಕಡೆ ಒಂಬತ್ತು ವರ್ಷದ ಮಗೂಗ ಬ್ಲ್ಯಾಕ್ ಬೆಲ್ಟ್ ಕೊಟ್ಟಾರ. ನೀವ್ಯಾಕ ಕೊಡಲ್ಲ?

ಚಿಕ್ಕ ಮಕ್ಕಳು ಚೆನ್ನಾಗಿ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರ ಮೈ ನಮಗಿಂತ ಚೆನ್ನಾಗಿ ಬಾಗುತ್ತದೆ, ಕಾತಾ ಬೇಗ ನೆನಪಿರುತ್ತದೆ. ಆದರೆ ದೊಡ್ಡ ಪದ್ಧತಿಗಳೂ ಇಲ್ಲಿ ಎಚ್ಚರ ವಹಿಸಿವೆ. ಟೇಕ್ವಾಂಡೋದ ಕೊರಿಯಾದ ಕೇಂದ್ರ ಕುಕ್ಕಿವಾನ್ 15 ವರ್ಷದೊಳಗಿನವರಿಗೆ ದಾನ್ ಬದಲು ‘ಪೂಮ್’ ಎಂಬ ದರ್ಜೆ ಕೊಡುತ್ತದೆ, ಅದರ ಬೆಲ್ಟು ಅರ್ಧ ಕೆಂಪು ಅರ್ಧ ಕಪ್ಪು. ಬ್ರೆಜಿಲಿಯನ್ ಜಿಯು-ಜಿತ್ಸುವಿನ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಲ್ಲಿ ನೀಲಿ ಬೆಲ್ಟಿಗೇ 16 ವರ್ಷ ತುಂಬಬೇಕು, ಕಪ್ಪಿಗೆ 19.

ನನಗೆ 13ನೇ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಸಿಕ್ಕಿತ್ತು. ಬೇಸಿಗೆ ರಜೆಯಲ್ಲಿ ಬೇರೆ ಊರಿನಲ್ಲಿ ಎರಡು ದಿನದ ಶಿಬಿರ. ದೊಡ್ಡ ಹಾಲಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಕಾತಾ ಮಾಡಿಸಿದರು. ನನ್ನ ಹೆಸರು ಹಿಡಿದು ಯಾರೂ ಕರೆಯಲಿಲ್ಲ, ನನ್ನ ಕಾಲು ತಪ್ಪಿದ್ದನ್ನು ಯಾರೂ ತಿದ್ದಲಿಲ್ಲ. ಸಂಜೆ ಎಲ್ಲರಿಗೂ ಬೆಲ್ಟ್, ಎಲ್ಲರಿಗೂ ಸರ್ಟಿಫಿಕೇಟ್. ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿದ್ದರು. ಊರಲ್ಲಿ ಹಾರ ಹಾಕಿದರು, ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು.

ಮರುವರ್ಷ ಒಂದು ಸ್ಪರ್ಧೆಗೆ ಹೋದೆ. ನನ್ನ ತೂಕದ ಗುಂಪಿನಲ್ಲಿ ಎದುರಾದವಳು ಗ್ರೀನ್ ಬೆಲ್ಟಿನ ಹುಡುಗಿ. ಒಂದೇ ಕಿಕ್ಕನ್ನು ಮೂರು ಸಲ ಅದೇ ಬದಿಗೆ ಹಾಕಿದಳು, ಮೂರು ಸಲವೂ ತಗುಲಿಸಿಕೊಂಡೆ. ನೋವಿಗಿಂತ ಹೆಚ್ಚಾಗಿ ನನಗೆ ಸುಟ್ಟದ್ದು ಅವಳ ಮುಖದ ಮೇಲಿನ ಆಶ್ಚರ್ಯ. ಆ ಬೆಲ್ಟನ್ನು ಅವ್ವನ ಟ್ರಂಕಿನ ತಳಕ್ಕೆ ಹಾಕಿ ಐದು ವರ್ಷ ಕರಾಟೆಯ ಹೆಸರೆತ್ತಲಿಲ್ಲ. 19ನೇ ವಯಸ್ಸಿನಲ್ಲಿ, ಡಿಗ್ರಿ ಓದಲು ಈ ಊರಿಗೆ ಬಂದ ಮೇಲೆ, ಇನ್ನೊಬ್ಬ ಮಾಸ್ತರ ಹತ್ತಿರ ಹೋದೆ. ‘ಯಾವ ಬೆಲ್ಟು ತಂಗಿ?’ ಎಂದು ಕೇಳಿದರು. ‘ಬಿಳಿ’ ಎಂದೆ. ಅಲ್ಲಿಂದ ಕಪ್ಪಿಗೆ ಬರಲು ಆರು ವರ್ಷ ಹಿಡಿಯಿತು, ಅದರಲ್ಲಿ ಎರಡು ಸಲ ‘ಇನ್ನೂ ಆಗಿಲ್ಲ’ ಎಂದು ಕೇಳಿಸಿಕೊಂಡೆ. ನಿಮ್ಮ ಮಗುವಿಗೆ ನಾನು ಯಾಕೆ ಬೇಗ ಕೊಡುವುದಿಲ್ಲ ಎಂಬುದಕ್ಕೆ ನನ್ನ ಹತ್ತಿರ ಇರುವ ಕಾರಣ ಇದು.

ಹುಡುಗಿಯರಿಗೂ ಅದೇ ಬೆಲ್ಟು, ಅದೇ ಪರೀಕ್ಷೇನಾ?

ನಮ್ಮಲ್ಲಿ ಹೌದು. ಆದರೆ ಎಲ್ಲ ಕಾಲಕ್ಕೂ ಹಾಗಿರಲಿಲ್ಲ. ಜುಡೋದಲ್ಲಿ ಹೆಂಗಸರ ಬ್ಲ್ಯಾಕ್ ಬೆಲ್ಟಿನ ನಡುವೆ ಉದ್ದಕ್ಕೂ ಒಂದು ಬಿಳಿ ಗೆರೆ ಇರುತ್ತಿತ್ತು. ಕಾನೊ ಅವರಿಂದ ನೇರವಾಗಿ ಕಲಿತ ಕೇಕೊ ಫುಕುದಾ ಎಂಬವರನ್ನು ಐದನೇ ದಾನ್‌ನಲ್ಲೇ ವರ್ಷಗಟ್ಟಲೆ ನಿಲ್ಲಿಸಿದ್ದರು, ಯಾಕೆಂದರೆ ಹೆಂಗಸರಿಗೆ ಅದರ ಮೇಲೆ ಕೊಡುವ ರೂಢಿಯೇ ಇರಲಿಲ್ಲ. ಆರನೇ ದಾನ್ ಸಿಕ್ಕಿದ್ದು 1972ರಲ್ಲಿ. 2011ರಲ್ಲಿ, ತಮ್ಮ 98ನೇ ವಯಸ್ಸಿನಲ್ಲಿ, ಅಮೆರಿಕದ ಜುಡೋ ಸಂಸ್ಥೆಯಿಂದ ಹತ್ತನೇ ದಾನ್ ಪಡೆದರು. ಎರಡು ವರ್ಷದ ನಂತರ ತೀರಿಕೊಂಡರು. ನಡುವಿನ ಅಷ್ಟೂ ವರ್ಷ ಅವರು ಮ್ಯಾಟಿನ ಮೇಲೆ ಕಲಿಸುತ್ತಲೇ ಇದ್ದರು. ನಮ್ಮ ದೊಡ್ಡ ಹುಡುಗಿಯರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಬೆಲ್ಟನ್ನು ಕೊಡುವವರು ಮನುಷ್ಯರು, ಅವರ ಕಣ್ಣಿಗೂ ಪೊರೆ ಇರಬಹುದು ಎಂದು ಗೊತ್ತಿರಲಿ.

ದುಡ್ಡು ಎಷ್ಟಾಗ್ತದ? ಪ್ರತಿ ಬೆಲ್ಟಿಗೂ ಬ್ಯಾರೆ ಕೊಡಬೇಕಾ?

ಪರೀಕ್ಷೆಯ ಫೀಸು ಬೆಲ್ಟ್, ಸರ್ಟಿಫಿಕೇಟ್ ಮತ್ತು ಹೊರಗಿನಿಂದ ಬರುವ ಪರೀಕ್ಷಕರ ಬಸ್ ಖರ್ಚಿಗೆ ಆಗುವಷ್ಟು. ಎಷ್ಟು ಎಂದು ಸೇರುವ ದಿನವೇ, ಬ್ಲ್ಯಾಕ್ ಬೆಲ್ಟ್‌ವರೆಗಿನದನ್ನೂ ಸೇರಿಸಿ, ಕಾಗದದ ಮೇಲೆ ಬರೆದುಕೊಡುತ್ತೇವೆ. ಯಾವುದೇ ಕ್ಲಾಸಿಗೆ ಸೇರಿಸುವ ಮುನ್ನ ಇದನ್ನು ಕೇಳಿ. ಮೇಲಿನ ಬೆಲ್ಟಿನ ಮೊತ್ತವನ್ನು ಹೇಳದೆ ಜಾರಿಕೊಂಡರೆ, ಪರೀಕ್ಷೆಗೆ ನಿಂತವರೆಲ್ಲ ಪ್ರತಿ ಸಲ ಪಾಸಾಗುತ್ತಿದ್ದರೆ, ಎರಡು ಬೆಲ್ಟ್ ಒಟ್ಟಿಗೆ ಹಾರಿಸುತ್ತೇವೆಂದು ಹೆಚ್ಚಿನ ಹಣ ಕೇಳಿದರೆ, ಮಗುವನ್ನು ಅಲ್ಲಿಂದ ಕರೆದುಕೊಂಡು ಬನ್ನಿ. ಅಕ್ಕನ ಹಳೆಯ ಬೆಲ್ಟನ್ನು ತಮ್ಮನಿಗೆ ಕಟ್ಟಬಹುದು, ಉದ್ದ ಸರಿಯಾದರೆ ನನ್ನ ತಕರಾರಿಲ್ಲ.

ಬೀದರ್‌ನಲ್ಲಿ ಇದ್ದಾಗ ಮಗಳು ಗ್ರೀನ್ ಬೆಲ್ಟ್. ವರ್ಗ ಆಗಿ ಇಲ್ಲಿಗೆ ಬಂದೀವಿ. ಮತ್ತ ಬಿಳಿಯಿಂದ ಶುರು ಮಾಡ್ಬೇಕಾ?

ಬೇಡ. ಶೈಲಿ ಬೇರೆಯಾದರೂ ಅವಳು ಪಟ್ಟ ಶ್ರಮ ಅವಳದೇ. ಅದೇ ಬೆಲ್ಟ್ ಕಟ್ಟಿಕೊಂಡೇ ನಿಲ್ಲಲಿ. ಮುಂದಿನ ಪರೀಕ್ಷೆಗೆ ಮುಂಚೆ ನಮ್ಮ ಕಾತಾಗಳನ್ನು ಕಲಿಯಬೇಕು, ಅದಕ್ಕೆ ಸ್ವಲ್ಪ ಹೆಚ್ಚು ಸಮಯ ಹಿಡಿದೀತು. ಗ್ರೀನ್ ಬೆಲ್ಟ್ ಎಂಬುದಕ್ಕೆ ಎಲ್ಲ ಕಡೆ ಒಂದೇ ಅಳತೆ ಇಲ್ಲ ಎಂಬುದಂತೂ ನಿಜ. ಕೆಲವು ಕಡೆ ಅದು ಮೂರನೇ ಮೆಟ್ಟಿಲು, ಕೆಲವು ಕಡೆ ಐದನೆಯದು.

ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್‌ನಿಂದ ಸ್ಪೋರ್ಟ್ಸ್ ಕೋಟಾದಾಗ ನೌಕರಿ ಸಿಗ್ತದಾ?

ಬೆಲ್ಟಿನಿಂದ ಸಿಗುವುದಿಲ್ಲ. ಕ್ರೀಡಾ ಮೀಸಲಾತಿಯಲ್ಲಿ ನೋಡುವುದು ಮಾನ್ಯತೆ ಪಡೆದ ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆಗಳಲ್ಲಿ ಆಡಿದ ಮತ್ತು ಗೆದ್ದ ದಾಖಲೆ. ಅಂಥ ಸ್ಪರ್ಧೆಗಳಲ್ಲಿ ವಯಸ್ಸು ಮತ್ತು ತೂಕದ ಮೇಲೆ ಗುಂಪು ಮಾಡುತ್ತಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕರಾಟೆ ಇತ್ತು. ಅಲ್ಲಿ ಕುಮಿತೆಗೆ ಇಳಿದವರು ಕಟ್ಟಿದ್ದು ಕೆಂಪು ಇಲ್ಲವೇ ನೀಲಿ ಬೆಲ್ಟ್, ಅಂಕ ಕೊಡುವವರಿಗೆ ಯಾರು ಯಾರೆಂದು ಗುರುತು ಸಿಗಲಿ ಎಂದು ಮಾತ್ರ. ಮಗುವಿಗೆ ಸ್ಪರ್ಧೆಯಲ್ಲಿ ಆಸಕ್ತಿ ಇದ್ದರೆ ಬೇರೆಯಾಗಿ ಹೇಳಿ, ಅದರ ತಯಾರಿಯೇ ಬೇರೆ.

ಬೆಲ್ಟ್ ಬಂದ್ರ ಮಗಳು ಒಬ್ಬಾಕೀನೇ ಓಡಾಡಬಹುದಲ್ಲ? ಅದಕ್ಕೇ ಸೇರಿಸೀನಿ.

ಈ ಆಸೆ ನನಗೆ ಅರ್ಥವಾಗುತ್ತದೆ. ಟ್ಯೂಷನ್ ಮುಗಿಸಿ ಸೂಪರ್ ಮಾರ್ಕೆಟ್ ಕಡೆಯಿಂದ ಕತ್ತಲಲ್ಲಿ ಬರುವ ಮಗಳು ಮನೆ ಮುಟ್ಟುವ ತನಕ ತಾಯಿಯ ಕಣ್ಣು ಬಾಗಿಲ ಮೇಲೇ ಇರುತ್ತದೆ. ಆದರೂ ಸುಳ್ಳು ಭರವಸೆ ಕೊಡಲಾರೆ. ಹಳದಿ ಹಸಿರು ಬೆಲ್ಟಿನ ಹನ್ನೆರಡು ವರ್ಷದ ಹುಡುಗಿ ಬೆಳೆದ ಗಂಡಸಿನ ಬಲವನ್ನು ಹೊಡೆದು ತಡೆಯಲಾರಳು. ತಡೆಯಬಲ್ಲೆ ಎಂದು ಅವಳು ನಂಬಿದರೆ ಅದು ಇನ್ನೂ ಅಪಾಯ. ಅದಕ್ಕೇ ಬೆಲ್ಟಿನ ಪಾಠದ ಹೊರಗೆ, ಪ್ರತಿ ಶನಿವಾರ ಅರ್ಧ ಗಂಟೆ ಬೇರೆ ಅಭ್ಯಾಸ ಇಟ್ಟಿದ್ದೇನೆ: ಗಂಟಲು ಬಿಚ್ಚಿ ಕೂಗುವುದು, ಯಾರಾದರೂ ಕೈ ಹಿಡಿದರೆ ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುವಿ ಬಿಡಿಸಿಕೊಳ್ಳುವುದು, ಜನ ಇರುವ ಅಂಗಡಿಯ ಕಡೆ ಓಡುವುದು, 112ಕ್ಕೆ ಕರೆ ಮಾಡಿ ಜಾಗ ಹೇಳುವುದು. ಮಕ್ಕಳಿಗೆ 1098 ಎಂಬ ಸಹಾಯವಾಣಿ ಇದೆ ಎಂಬುದನ್ನೂ ಕಲಿಸುತ್ತೇನೆ. ಮುಟ್ಟಿದವನು ಸಂಬಂಧಿಕನಾದರೂ ಮನೆಗೆ ಬಂದು ಹೇಳಬೇಕು ಎಂದು ಹೇಳಿಕೊಡುತ್ತೇನೆ. ಅವಳು ಹೇಳಿದಾಗ ನೀವು ನಂಬಬೇಕು.

ಸರ್ಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ಅದರ ಉದ್ದೇಶ ಬೆಲ್ಟ್ ಕೊಡುವುದಲ್ಲ, ಇಂಥ ಕೌಶಲವನ್ನೇ ಕಲಿಸುವುದು. ನಿಮ್ಮ ಮಗಳ ಶಾಲೆಯಲ್ಲಿ ನಡೆದರೆ ಖಂಡಿತ ಕಳಿಸಿ.

ಬ್ಲ್ಯಾಕ್ ಬೆಲ್ಟ್ ಇದ್ದವರು ಹೊಡೆದರೆ ದೊಡ್ಡ ಕೇಸ್ ಆಗ್ತದಂತ, ಪೊಲೀಸ್ ಸ್ಟೇಷನ್ನಿನಲ್ಲಿ ಕೈ ನೋಂದಣಿ ಮಾಡಿಸಬೇಕಂತ. ಹೌದಾ?

ನೋಂದಣಿಯ ಮಾತು ಕಟ್ಟುಕಥೆ. ಕಾನೂನು ಎಲ್ಲರಿಗೂ ಒಂದೇ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ತನ್ನನ್ನು ಮತ್ತು ಇತರರನ್ನು ರಕ್ಷಿಸಿಕೊಳ್ಳುವ ಹಕ್ಕು ಕೊಡುತ್ತವೆ, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಪೆಟ್ಟು ಕೊಡಬಾರದು ಎಂದು 37ನೇ ಕಲಮು ಹೇಳುತ್ತದೆ. ಎದುರಿನವನು ಬಿದ್ದ ಮೇಲೂ ಒದ್ದರೆ ಅದು ರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ. ಶಾಲೆಯಲ್ಲಿ ಜಗಳವಾಡಿ ನಮ್ಮ ಹುಡುಗ ಹೊಡೆದಿದ್ದಾನೆಂದು ತಿಳಿದರೆ ಅವನ ಮುಂದಿನ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಗುತ್ತದೆ. ಅದು ನಮ್ಮ ಕ್ಲಾಸಿನ ಕಾನೂನು.

ನನಗ 42 ವರ್ಷ. ಸಣ್ಣ ಹುಡುಗರ ಸಾಲಿನ್ಯಾಗ ಬಿಳಿ ಬೆಲ್ಟ್ ಕಟ್ಟಿ ನಿಲ್ಲಾಕ ನಾಚಿಕಿ ಆಗ್ತದ.

ಬನ್ನಿ. ಬಿಳಿ ಬೆಲ್ಟಿಗೆ ವಯಸ್ಸಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಮಗಳನ್ನು ಬಿಡಲು ಬಂದವರು ಒಂದು ವರ್ಷ ಕಟ್ಟೆಯ ಮೇಲೆ ಕೂತು ನೋಡಿ, ಆಮೇಲೆ ಸಾಲಿಗೆ ಬಂದು ನಿಂತರು. ಅವರ ಮಗಳು ಅವರಿಗಿಂತ ಮೂರು ಬೆಲ್ಟ್ ಮೇಲಿದ್ದಳು, ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದಳು. ತಾಯಿಗೆ ಮೊದಲ ನಿಲುವನ್ನು ತಿದ್ದಿದವಳು ಅವಳೇ. ಮೊಣಕಾಲು ನೋವು, ಬಿಪಿ ಇದ್ದರೆ ಡಾಕ್ಟರನ್ನು ಕೇಳಿಕೊಂಡು ಬನ್ನಿ, ನನಗೂ ತಿಳಿಸಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲಿಗೆ ಹೆದರಿ ಬೆಳಿಗ್ಗೆ ಐದೂವರೆಗೇ ಶುರು ಮಾಡಿ ಏಳಕ್ಕೆ ಮುಗಿಸುತ್ತೇವೆ.

ಬೆಲ್ಟ್ ತೊಳೀಬಹುದಾ?

ತೊಳೆಯಿರಿ. ತಣ್ಣೀರಲ್ಲಿ, ಬೇರೆಯಾಗಿ, ನೆರಳಲ್ಲಿ ಒಣಗಿಸಿ. ಬೆವರು ಕುಡಿದ ಬಟ್ಟೆ ತೊಳೆಯದಿದ್ದರೆ ಚರ್ಮಕ್ಕೆ ತುರಿಕೆ ಬರುತ್ತದೆ. ತೊಳೆದರೆ ಶಕ್ತಿ ಹೋಗುತ್ತದೆ ಎಂದು ಮಕ್ಕಳು ಹೇಳಿದರೆ ಪ್ರೀತಿಯಿಂದ ತಿಳಿಸಿ ಹೇಳಿ.

ಪರೀಕ್ಷೆಯ ದಿನ ಮಗುವನ್ನು ಹೇಗೆ ತಯಾರು ಮಾಡಿ ಕಳಿಸಬೇಕು?

ಎರಡು ತಾಸು ಮುಂಚೆ ಹಗುರವಾಗಿ ಏನಾದರೂ ತಿನ್ನಿಸಿ: ಬಾಳೆಹಣ್ಣು, ಸೂಸಲ, ಮೊಸರು ರೊಟ್ಟಿ. ಮಿರ್ಚಿ ಭಜಿ ಬೇಡ, ಪರೀಕ್ಷೆ ಮುಗಿದ ಮೇಲೆ ಕೊಡಿಸಿ. ಕೈಕಾಲಿನ ಉಗುರು ಕತ್ತರಿಸಿರಲಿ, ಕಿವಿಯೋಲೆ, ಬಳೆ, ಉಂಗುರ ಮನೆಯಲ್ಲೇ ಇರಲಿ. ಉದ್ದ ಕೂದಲಿಗೆ ಎರಡು ಜಡೆ. ನೀರಿನ ಬಾಟಲಿ ಮರೆಯಬೇಡಿ. ಹಿಂದಿನ ರಾತ್ರಿ ಕಾತಾ ಇಪ್ಪತ್ತು ಸಲ ಮಾಡಿಸಬೇಡಿ, ಎರಡು ಸಲ ಮಾಡಿಸಿ ಮಲಗಿಸಿ.

ಬೆಲ್ಟನ್ನು ಮಗುವೇ ಕಟ್ಟಿಕೊಳ್ಳಲಿ. ಗಂಟು ಸೊಟ್ಟಗಾದರೂ ಬಿಡಿ. ಬಾಗಿಲಲ್ಲಿ ನಿಂತು ನೀವು ಸರಿ ಮಾಡಲು ಹೋಗಬೇಡಿ, ಮಗು ಬಂದು ನನ್ನ ಮುಂದೆ ನಿಂತಾಗ ನಾನು ನೋಡಿಕೊಳ್ಳುತ್ತೇನೆ.